ಹಿತ್ತಲಲ್ಲಿ ಒಂದು ಡ್ರ್ಯಾಗನ್ ಫ್ರೂಟ್ ಕಂಬ

ಚಳ್ಳಕೆರೆ, ಹಿರಿಯೂರು ಕಡೆ ಹಿತ್ತಲಿದೆ, ನೀರು ಕಮ್ಮಿ ಅನ್ನುವವರು ಧೈರ್ಯವಾಗಿ ಡ್ರ್ಯಾಗನ್ ಫ್ರೂಟ್ ಹಾಕಬಹುದು. ಆದರೆ ಒಂದು ಮಾತು. ಕಳ್ಳಿ ಜಾತಿಯಲ್ವಾ, ಬಿಸಿಲು ತಡೆಯುತ್ತೆ ಅಂತ ಸುಮ್ನೆ ಬಿಡಬೇಡಿ. ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕದ ಕಾಡು. ಅಲ್ಲಿ ಇದು ಮರಕ್ಕೆ ಬೇರು ಕಚ್ಚಿಸಿ ಹತ್ತುವ ಬಳ್ಳಿ, ಮರದ ನೆರಳು ಕಂಡದ್ದು. ಚಿತ್ರದುರ್ಗದ ಏಪ್ರಿಲ್ ಬಿಸಿಲು ಇದಕ್ಕೆ ಜಾಸ್ತಿಯೇ.

ಮೊದಲು ಕಂಬ ನಿಲ್ಲಿಸಿ. ಕಲ್ಲುಕಂಬವೇ ಒಳ್ಳೆಯದು, ಬೆಳೆದ ಬಳ್ಳಿ ತುಂಬಾ ಭಾರ. ಎರಡು ಅಡಿ ಹೂತು, ಮೇಲೆ ಐದಾರು ಅಡಿ ಉಳಿಯಲಿ. ತುದಿಗೆ ಅಡ್ಡ ಕಂಬಿ ಕೊಟ್ಟು ಬೈಕಿನ ಹಳೆ ಟೈರ್ ಬಿಗಿಯಿರಿ.

ಬುಡದ ಮಣ್ಣು ಒಂದಡಿ ಎತ್ತರಿಸಿ, ಕೊಟ್ಟಿಗೆ ಗೊಬ್ಬರ ಸೇರಿಸಿ. ಎರೆಮಣ್ಣಾದರೆ ಮರಳು ಬೆರೆಸಲೇಬೇಕು. ನೀರು ನಿಂತರೆ ಬುಡ ಕೊಳೆಯುತ್ತದೆ.

ಬೀಜ ಬೇಡ, ಫಲಕ್ಕೆ ವರ್ಷಗಟ್ಟಲೆ ಕಾಯಬೇಕು. ಬಲಿತ ಕಾಂಡದ ಒಂದಡಿ ತುಂಡು ತನ್ನಿ. ಕತ್ತರಿಸಿದ ಗಾಯ ಒಣಗಲು ಐದಾರು ದಿನ ನೆರಳಲ್ಲಿಡಿ. ಬುಡದ ತುದಿಯೇ ಕೆಳಗಿರುವಂತೆ, ಕಂಬದ ನಾಲ್ಕು ಮಗ್ಗುಲಿಗೆ ಒಂದೊಂದು, ಎರಡು ಇಂಚು ಆಳಕ್ಕೆ ನೆಡಿ. ಕಂಬಕ್ಕೆ ಸಡಿಲವಾಗಿ ಕಟ್ಟಿ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ.

ಇನ್ನು ಚಿಗುರಿನ ವಿಷಯ. ಪ್ರತಿ ಗಿಡಕ್ಕೂ ಒಂದೇ ಕುಡಿ ಮೇಲೆ ಹೋಗಲಿ, ಪಕ್ಕದ ಚಿಗುರೆಲ್ಲ ಕತ್ತರಿಸಿ. ಮನಸ್ಸು ಬರುವುದಿಲ್ಲ, ನಿಜ. ಆದರೂ ಕತ್ತರಿಸಿ. ಕುಡಿ ಟೈರ್ ದಾಟಿದ ಮೇಲೆ ತುದಿ ಚಿವುಟಿದರೆ ಕವಲೊಡೆದು ಕೆಳಗೆ ಇಳಿಬೀಳುತ್ತದೆ. ಹಣ್ಣು ಹೆಚ್ಚಾಗಿ ಹಿಡಿಯುವುದು ಆ ಕವಲುಗಳಲ್ಲಿ.

ಮಾರ್ಚ್‌ನಿಂದ ಮೇ ತನಕ ಮೇಲೆ ಶೇಡ್ ನೆಟ್ ಕಟ್ಟಿ, ಇಲ್ಲದಿದ್ದರೆ ತೆಳುವಾದ ಹಳೆ ಸೀರೆಯೂ ಆದೀತು. ಕಾಂಡ ಹಳದಿಗೆ ತಿರುಗಿತೆಂದರೆ ಬಿಸಿಲು ಸುಟ್ಟಿದೆ ಎಂದರ್ಥ. ಆಗ ನೀರು ಸುರಿಯಬೇಡಿ, ನೆರಳು ಕೊಡಿ.

ಚೆನ್ನಾಗಿ ನೋಡಿಕೊಂಡರೆ ಎರಡನೇ ವರ್ಷ ಹೂ ಬರುತ್ತದೆ, ಹೆಚ್ಚಾಗಿ ಮಳೆಗಾಲದಲ್ಲಿ. ಬಿಳಿ ಹೂ, ಅಂಗೈಗಿಂತ ದೊಡ್ಡದು. ರಾತ್ರಿ ಅರಳಿ ಬೆಳಿಗ್ಗೆ ಬಾಡುತ್ತದೆ. ಬಿಳಿ ತಿರುಳಿನ ತಳಿ ಸಾಮಾನ್ಯವಾಗಿ ತಾನೇ ಕಾಯಿ ಕಟ್ಟುತ್ತದೆ. ಕೆಂಪು ತಿರುಳಿನ ಹಲವು ತಳಿಗಳಿಗೆ ಬೇರೆ ತಳಿಯ ಪರಾಗ ಬೇಕು. ಅದಕ್ಕೇ ಎರಡು ತಳಿ ಜೊತೆಗೆ ಹಾಕಿ, ರಾತ್ರಿ ಮೆತ್ತನೆಯ ಬ್ರಷ್‌ನಿಂದ ಒಂದರ ಪರಾಗ ಇನ್ನೊಂದಕ್ಕೆ ಸವರಿ.

ಸುಮಾರು 30–35 ದಿನಕ್ಕೆ ಹಣ್ಣಿನ ಸಿಪ್ಪೆ ಪೂರ್ತಿ ಕೆಂಪಾಗುತ್ತದೆ. ಮತ್ತೆ ಮೂರ್ನಾಲ್ಕು ದಿನ ಬಿಟ್ಟು ಕತ್ತರಿಯಿಂದ ಕೊಯ್ಯಿರಿ. ಅವಸರಪಟ್ಟು ಎಳೆಯದನ್ನು ಕಿತ್ತರೆ ಸಪ್ಪೆ, ಮನೆಯಲ್ಲಿಟ್ಟರೆ ಸಿಹಿ ಏರುವುದಿಲ್ಲ.