ಪ್ಯಾಲೆಟ್ ಟ್ರಕ್ ಕಾಲ ಮೇಲೆ ಹರಿಯದಿರಲು, ಹರಿದರೆ ಮೊದಲು ಮಾಡಬೇಕಾದ್ದು

ಮಳಿಗೆಯೊಳಗೆ ಸರಕು ಸಾಗಿಸುವ ಪ್ಯಾಲೆಟ್ ಟ್ರಕ್ ಓಡುವುದು ನಡಿಗೆಯ ವೇಗದಲ್ಲಿ. ಅದಕ್ಕೇ ಯಾರೂ ಹೆದರುವುದಿಲ್ಲ. ಆದರೆ ಒಂದು ಟನ್ ಭಾರ ಉರುಳತೊಡಗಿದ ಮೇಲೆ ಕೈಬಲಕ್ಕೆ ತಟ್ಟನೆ ನಿಲ್ಲುವುದಿಲ್ಲ.

ಮೊದಲು ಖಾಲಿ ಗಾಡಿಯನ್ನು ನೋಡಿ. ಹಿಡಿಕೆಯ ಲಿವರ್‌ಗೆ ಎತ್ತುವ, ಇಳಿಸುವ, ನಡುವಿನ ನ್ಯೂಟ್ರಲ್ ಎಂದು ಮೂರು ಸ್ಥಾನ, ಮೂರನ್ನೂ ಪರೀಕ್ಷಿಸಿ. ಫೋರ್ಕ್, ಅಂದರೆ ಸರಕಿನಡಿ ತೂರುವ ಎರಡು ಉದ್ದನೆಯ ಉಕ್ಕಿನ ತೋಳು, ಅದರ ತುದಿಯ ಪುಟ್ಟ ಚಕ್ರಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡಿದ್ದರೆ ಬಿಡಿಸಿ. ಗೋಲಿ ಗಾತ್ರದ ಮರದ ಚೂರು ಸಾಕು, ಚಕ್ರ ಗಕ್ಕನೆ ನಿಂತು ಮೇಲಿನ ಪೆಟ್ಟಿಗೆಗಳು ಮುಂದಕ್ಕೆ ಬೀಳುತ್ತವೆ.

ಫೋರ್ಕನ್ನು ಪ್ಯಾಲೆಟ್‌ನೊಳಗೆ (ಸರಕು ಜೋಡಿಸಿಡುವ ಹಲಗೆಯ ಅಟ್ಟಣೆ) ಪೂರ್ತಿ ತೂರಿಸಿ, ಪ್ಯಾಲೆಟನ್ನು ನೆಲದಿಂದ 2–3 ಸೆಂ.ಮೀ. ಮಾತ್ರ ಎತ್ತಿ. ಸರಕಿನ ಮೇಲಿಂದ ದಾರಿ ಕಾಣಬೇಕು.

ಆದಷ್ಟೂ ತಳ್ಳಿ. ಎಳೆಯಲೇಬೇಕಾದರೆ ಹಿಡಿಕೆಯ ಪಕ್ಕಕ್ಕೆ ಸರಿದು, ಹೋಗುವ ದಿಕ್ಕಿಗೆ ಮುಖ ಮಾಡಿ ನಡೆಯಿರಿ. ನೇರ ಮುಂದೆ ನಡೆಯುತ್ತ ಎಳೆಯುವವರು ನಿಂತರೂ ಗಾಡಿ ನಿಲ್ಲದೆ ಹಿಮ್ಮಡಿಗೆ ಬಡಿಯುತ್ತದೆ. ಉಕ್ಕಿನ ಮೂತಿಯ ಶೂ ಬೆರಳು ಕಾಯುತ್ತದೆ, ಹಿಮ್ಮಡಿಗೆ ಅದರಿಂದ ರಕ್ಷಣೆಯಿಲ್ಲ. ವಿದ್ಯುತ್ ಗಾಡಿಯಾದರೆ ಹಿಡಿಕೆಯ ತುದಿಯಲ್ಲಿ, ಹೊಟ್ಟೆಗೆ ತಾಗುವಂತೆ, ದೊಡ್ಡ ಗುಂಡಿಯಿರುತ್ತದೆ. ಅದು ಒತ್ತಿದೊಡನೆ ಗಾಡಿ ನಿಮ್ಮಿಂದ ದೂರ ಸರಿಯಬೇಕು. ಪ್ರತಿ ಪಾಳಿಯ ಆರಂಭದಲ್ಲಿ ಅಂಗೈಯಿಂದ ಒತ್ತಿ ನೋಡಿ. ಸರಿಯದಿದ್ದರೆ ಆ ಗಾಡಿ ಅಂದು ಬೇಡವೇ ಬೇಡ.

ಕಾಲು ಸಿಕ್ಕಿಕೊಂಡರೆ ಕಾಲನ್ನು ಎಳೆಯಬೇಡಿ, ಗಾಡಿಯನ್ನು ಸರಿಸಿ. ಚಕ್ರದಡಿ ಇದ್ದರೆ ಗಾಡಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಉರುಳಿಸಿ. ಫೋರ್ಕಿನಡಿ ಇದ್ದರೆ ಲಿವರನ್ನು ಎತ್ತುವ ಸ್ಥಾನಕ್ಕಿಟ್ಟು, ಹಿಡಿಕೆಯನ್ನು ಮೇಲೆ ಕೆಳಗೆ ಪಂಪ್ ಮಾಡಿ ಫೋರ್ಕನ್ನು ಮೇಲೆತ್ತಿ. ಗಾಬರಿಯಲ್ಲಿ ಲಿವರನ್ನು ಇಳಿಸುವ ಕಡೆಗೆ ಒತ್ತಿದರೆ ಇಡೀ ಭಾರ ಅದೇ ಪಾದದ ಮೇಲೆ ಕೂರುತ್ತದೆ.

ಪೆಟ್ಟಾದವರನ್ನು ಕೂರಿಸಿ, ಆ ಕಾಲೂರಲು ಬಿಡಬೇಡಿ. ಶೂ ಲೇಸ್ ಸಡಿಲಿಸಿ, ಕಾಲುಂಗುರವಿದ್ದರೆ ಊತ ಬರುವ ಮೊದಲೇ ತೆಗೆಯಿರಿ. ಉಕ್ಕಿನ ಮೂತಿ ಜಜ್ಜಿ ಬೆರಳನ್ನು ಕಚ್ಚಿಕೊಂಡಿದ್ದರೆ ಶೂ ಹಾಗೆಯೇ ಇರಲಿ. ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಇಡಿ, 20 ನಿಮಿಷ ಮೀರದಂತೆ.

ಮೂಳೆ ಮುರಿದಂತೆ ಕಾಣದಿದ್ದರೂ ಕಣ್ಣಿಟ್ಟಿರಿ. ಜಜ್ಜಿದ ಸ್ನಾಯು ಒಳಗೇ ಊದಿ, ಒತ್ತಡಕ್ಕೆ ರಕ್ತಸಂಚಾರ ಕಟ್ಟಿಹೋಗಬಹುದು. ಹೊರಗೆ ಕಾಣುವ ಗಾಯಕ್ಕಿಂತ ನೋವು ಎಷ್ಟೋ ಹೆಚ್ಚು, ಬೆರಳನ್ನು ಮೆಲ್ಲಗೆ ಬಾಗಿಸಿದರೂ ಜೀವ ಹೋಗುವಷ್ಟು ನೋವು, ಜೋಮು – ಇವು ಅದರ ಗುರುತು. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಬಿಗಿ ಪಟ್ಟಿ ಕಟ್ಟಿದ್ದರೆ ಸಡಿಲಿಸಿ, ಪಾದವನ್ನು ಎದೆಮಟ್ಟಕ್ಕಿಂತ ಎತ್ತದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಎಷ್ಟು ಕಿಲೋ ಭಾರ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಕಾಲು ಸಿಕ್ಕಿತ್ತು ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿ. ವೈದ್ಯರು ಮೊದಲು ಕೇಳುವುದೇ ಅದನ್ನು.