ಕ್ಲಾನ್ಸಿಯನ್ನು ಕನ್ನಡಕ್ಕೆ ಕರೆತಂದ ಪಾಡು

ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಪ್ರತಿ ವರ್ಷ ಅದೇ ಹಾಡು, ಅದೇ ಡ್ಯಾನ್ಸ್. ಒಂದು ಸಲ ಮೀಟಿಂಗಿನಲ್ಲಿ ಕೂತಿದ್ದವನು ಸುಮ್ನಿರಲಾರದೆ, "ಇಲ್ಲಿನ ಒಂದು ಪದ್ಯವನ್ನ ಕನ್ನಡ ಮಾಡಿ ಓದ್ತೀನಿ" ಎಂದುಬಿಟ್ಟೆ. ಸಿಡ್ನಿಗೆ ಬಂದು 11 ವರ್ಷ ಆಗಿತ್ತು. ಇಲ್ಲಿನ ಸಾಹಿತ್ಯ ಅಂತ ನನಗೆ ಗೊತ್ತಿದ್ದದ್ದು ಹತ್ತು ಡಾಲರ್ ನೋಟಿನ ಮೇಲಿರುವ ಒಂದು ಮುಖ ಮಾತ್ರ. ಆ ಮುಖ ಬ್ಯಾಂಜೊ ಪ್ಯಾಟರ್ಸನ್ ಅವರದು. ಅವರ ‘ಕ್ಲಾನ್ಸಿ ಆಫ್ ದಿ ಓವರ್‌ಫ್ಲೋ’ ಪದ್ಯವನ್ನೇ ಆರಿಸಿಕೊಂಡೆ (ಓವರ್‌ಫ್ಲೋ ಅಂದರೆ ಒಂದು ಕುರಿ ಫಾರ್ಮಿನ ಹೆಸರು). ಎಂಟೇ ಎಂಟು ಚರಣ, ಒಂದು ವಾರದ ಕೆಲಸ ಅಂದುಕೊಂಡೆ. ನಾಲ್ಕು ತಿಂಗಳು ಹಿಡಿಯಿತು.

ಕಥೆ ಸಣ್ಣದು. ಪಟ್ಟಣದ ಆಫೀಸಿನಲ್ಲಿ ಕೂತ ಒಬ್ಬ, ಹಿಂದೆ ಲಾಕ್ಲನ್ ನದಿಯ ಕಡೆ ಕಂಡಿದ್ದ ಕ್ಲಾನ್ಸಿಗೆ ಕಾಗದ ಬರೆಯುತ್ತಾನೆ. ಕ್ಲಾನ್ಸಿ ಆಗ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ. ಉತ್ತರ ಬರುವುದು ಅವನ ಜೊತೆಗಾರನಿಂದ: ಕ್ಲಾನ್ಸಿ ದನ ಹೊಡೆದುಕೊಂಡು ಕ್ವೀನ್ಸ್‌ಲ್ಯಾಂಡ್ ಕಡೆ ಹೋಗಿದ್ದಾನೆ, ಎಲ್ಲಿದ್ದಾನೋ ಗೊತ್ತಿಲ್ಲ. ಅಷ್ಟು ಸಾಕು, ಆಫೀಸಿನವನು ಬಯಲು, ನದಿ, ನಕ್ಷತ್ರ ಅಂತ ಕನಸು ಕಾಣತೊಡಗುತ್ತಾನೆ. ಪ್ಯಾಟರ್ಸನ್ ಸಿಡ್ನಿಯಲ್ಲಿ ವಕೀಲರಾಗಿದ್ದರು. ಸಾಲ ತೀರಿಸದ ಒಬ್ಬನಿಗೆ ಅವರು ಬರೆದ ನೋಟಿಸ್ ಕಾಗದವೇ ಈ ಪದ್ಯದ ಬೀಜ. 1889ರ ಡಿಸೆಂಬರ್ 21ರಂದು ‘ಬುಲೆಟಿನ್’ ವಾರಪತ್ರಿಕೆಯಲ್ಲಿ ಅಚ್ಚಾದಾಗ ಅವರಿಗೆ 25 ವರ್ಷ.

ಮೊದಲು ಭಾಮಿನಿ ಷಟ್ಪದಿಗೆ ಕೈ ಹಾಕಿದೆ. ಗಮಕ ಕೇಳಿ ಬೆಳೆದವನ ಚಟ, ಇನ್ನೇನು. ಆದರೆ ಮೂರು-ನಾಲ್ಕರ ಆ ನಡೆಯಲ್ಲಿ ಕ್ಲಾನ್ಸಿ ದನ ಹೊಡೆಯಲು ಹೊರಟವನ ಹಾಗೆ ಕಾಣಲಿಲ್ಲ, ಕುರುಕ್ಷೇತ್ರಕ್ಕೆ ಹೊರಟವನ ಹಾಗೆ ಕಂಡ. ಬಿಟ್ಟೆ. ಮೂಲವನ್ನು ಜೋರಾಗಿ ಓದಿದರೆ ಸಾಲಿಗೆ ನಾಲ್ಕು ಗಟ್ಟಿ ಪೆಟ್ಟು ಬೀಳುತ್ತವೆ, ಕುದುರೆ ಆರಾಮಾಗಿ ಹೆಜ್ಜೆ ಹಾಕಿದ ಹಾಗೆ. ಜೊತೆಗೆ ಸಾಲಿನ ನಡುವೆಯೇ ಪ್ರಾಸ: ‘ಲೆಟರ್’ ಅಂದ ಕೂಡಲೇ ‘ಬೆಟರ್’. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಲಾವಣಿ, ಅಲ್ವಾ? ನಾಲ್ಕು ಮಾತ್ರೆಯ ಗಣಕ್ಕೆ ಬಂದ ಮೇಲೆ ದಾರಿ ಸಿಕ್ಕಿತು:

ಕಾಗದ ಬರೆದೆನು ಕ್ಲಾನ್ಸಿಗೆ ಒಮ್ಮೆ
ಎಲ್ಲಿರುತಾನೋ ತಿಳಿಯದೆ ಸುಮ್ನೆ

‘ವಿಳಾಸ’ ಎಂಬ ಪದ ಹಾಕಲು ಎರಡು ವಾರ ಒದ್ದಾಡಿದ್ದೆ. ಲಘು-ಗುರು-ಲಘು ಬಂದು ಕುದುರೆ ಎಡವುತ್ತಿತ್ತು. ಕೊನೆಗೆ ಅದನ್ನು ಕೈಬಿಟ್ಟೆ.

ಪಟ್ಟಣದಾಚೆಯ ಒಳನಾಡಿಗೆ ಇಲ್ಲಿನವರು ಹೇಳುವ ‘ಬುಷ್’ ಎಂಬ ಪದವೂ ತಲೆ ತಿಂದಿತು. ಕಾಡು ಅಂದರೆ ನಮಗೆ ಮಲೆನಾಡು ಕಣ್ಣಿಗೆ ಬರುತ್ತದೆ. ಹಳ್ಳಿ ಅನ್ನೋಣ ಅಂದರೆ ಅಲ್ಲಿ ಊರೇ ಇಲ್ಲ, ಮೈಲಿಗಟ್ಟಲೆ ಒಂದೇ ಬೇಲಿ. ‘ಬುಷ್’ ಅಂತಲೇ ಉಳಿಸಿಕೊಂಡೆ.

ನಿಜವಾಗಿ ಸಿಕ್ಕಿಹಾಕಿಕೊಂಡದ್ದು ಆ ಉತ್ತರದ ಹತ್ತಿರ. ಜೊತೆಗಾರ ಅದನ್ನು ಹೆಬ್ಬೆರಳ ಉಗುರು ಟಾರಿನಲ್ಲಿ ಅದ್ದಿ ಬರೆದಂತಿತ್ತು ಅನ್ನುತ್ತದೆ ಪದ್ಯ. ನಾನು ‘ಡಾಂಬರು’ ಎಂದು ಬರೆದುಕೊಂಡೆ. ಮನೆಯಲ್ಲಿ ಓದಿದಾಗ ನನ್ನ ಹೆಂಡತಿ, "ಅಲ್ಲಿ ರೋಡ್ ಹಾಕ್ತಿದ್ರಾ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಪಕ್ಕದ ಮನೆಯ ಅಜ್ಜನಿಂದ. ಪ್ರಾಯದಲ್ಲಿ ಅವರೂ ಉಣ್ಣೆ ಕತ್ತರಿಸುತ್ತಿದ್ದವರು. ಈಗಲೂ ಕೂತು ಏಳುವಾಗ ಸೊಂಟ ಹಿಡಿದುಕೊಳ್ಳುತ್ತಾರೆ. ಕುರಿಯನ್ನು ಮಂಡಿಗಳ ನಡುವೆ ಒತ್ತಿ ಹಿಡಿಯುವುದು ಹೇಗೆ ಅಂತ ಸೋಫಾದ ದಿಂಬಿನ ಮೇಲೆ ತೋರಿಸಿದರು. ಅವಸರದಲ್ಲಿ ಕತ್ತರಿ ಚರ್ಮಕ್ಕೆ ತಾಗಿದರೆ ಗಾಯಕ್ಕೆ ಹಚ್ಚಲು ಹಳೆ ಕಾಲದಲ್ಲಿ ಶೆಡ್ಡಿನಲ್ಲಿ ಟಾರು ಇಟ್ಟಿರುತ್ತಿದ್ದರಂತೆ. "ಟಾರ್!" ಅಂತ ಕೂಗಿದರೆ ಒಬ್ಬ ಹುಡುಗ ಡಬ್ಬ ಹಿಡಿದು ಓಡಿ ಬರುತ್ತಿದ್ದನಂತೆ. ಅಂದರೆ ಕವಿ ಸುಮ್ನೆ ಚಂದಕ್ಕೆ ಟಾರು ತಂದಿಲ್ಲ. ಪೆನ್ನು, ಶಾಯಿ ಇಲ್ಲದವನ ಕೈಗೆ ಸಿಗುವುದು ಅದೇ. ಕನ್ನಡದಲ್ಲಿ ‘ಗಾಯಕೆ ಹಚ್ಚುವ ಟಾರು’ ಎಂದು ಮಾಡಿಕೊಂಡೆ. ರೋಡು ಮಾಯವಾಯಿತು.

ಆಮೇಲೆ ಆ ಜೊತೆಗಾರನ ವ್ಯಾಕರಣ ತಪ್ಪು. ‘ವೇರ್ ಹಿ ಈಸ್’ ಅನ್ನಬೇಕಾದ ಕಡೆ ಅವನು ‘ವೇರ್ ಹಿ ಆರ್’ ಅನ್ನುತ್ತಾನೆ. ಪದ್ಯದ ಅರ್ಧ ನಗು ಅಲ್ಲೇ ಇದೆ. ನಾನೂ ಏಕವಚನಕ್ಕೆ ಬಹುವಚನ ಅಂಟಿಸಿ ‘ಅವನು ಎಲ್ಲಿದ್ದಾರೋ’ ಎಂದು ಬರೆದೆ. ಓದಿದವರಿಗೆಲ್ಲ ಇದ್ದಕ್ಕಿದ್ದಂತೆ ಕ್ಲಾನ್ಸಿಗೆ ಮರ್ಯಾದೆ ಕೊಟ್ಟ ಹಾಗೆ ಕೇಳಿಸಿತು! ಸರಿ, ‘ಎಲ್ಲವ್ನೋ ಗೊತ್ತಿಲ್ಲ’ ಎಂದು ತಿದ್ದಿದೆ. ಸಂಘದಲ್ಲಿ ಮದ್ದೂರಿನ ಗೆಳೆಯರೊಬ್ಬರಿದ್ದಾರೆ. "ಏನ್ ಸಾರ್, ನಾವು ಮಾತಾಡೋದು ತಪ್ಪು ಕನ್ನಡನಾ?" ಎಂದರು. ನಗುತ್ತಲೇ ಕೇಳಿದರು, ಆದರೆ ಕೇಳಿದ್ದು ನ್ಯಾಯ. ನನಗೆ ನಾಚಿಕೆಯಾಯಿತು.

ಕೊನೆಗೆ ದಾರಿ ತೋರಿಸಿದ್ದು ನನ್ನ ಸೋದರಮಾವನ ಹಳೆ ಕಾಗದಗಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು. ಒತ್ತಕ್ಷರ ಬರೆಯುವುದೇ ಇಲ್ಲ. ‘ಎಲರೂ ಚನಾಗಿದೀವಿ’ ಅನ್ನುತ್ತಾರೆ. ಅಲ್ಲೇ ಸಿಕ್ಕಿತು ಕ್ಲಾನ್ಸಿಯ ಜೊತೆಗಾರನ ಕೈಬರಹ: ‘ಎಲಿದಾನೊ ನಮಗೆ ಗೊತಿಲ.’ ಉಗುರಿನಲ್ಲಿ ಟಾರು ಹಚ್ಚಿ ಬರೆಯುವವನು ಒತ್ತು ಎಲ್ಲಿ ಕೊಡುತ್ತಾನೆ?

ಬಯಲಿನ ಬಿಸಿಲಿನ ಚರಣ ಮಾತ್ರ ಇನ್ನೂ ನನಗೆ ಒಪ್ಪಿಗೆಯಾಗಿಲ್ಲ. ಅದು ಜಾಸ್ತಿ ಸಿಹಿಯಾಯಿತು. 1892ರಲ್ಲಿ ಇಲ್ಲಿನ ಇನ್ನೊಬ್ಬ ಕವಿ ಹೆನ್ರಿ ಲಾಸನ್ ಅದೇ ಬುಲೆಟಿನ್‌ನಲ್ಲಿ ಇದನ್ನೇ ಎತ್ತಿ ಪ್ಯಾಟರ್ಸನ್ ಜೊತೆ ಪದ್ಯದಲ್ಲೇ ಜಗಳಕ್ಕೆ ನಿಂತಿದ್ದರು. ಬುಷ್ ಅಂದರೆ ಧೂಳು, ಸೆಕೆ, ನೊಣ ಅಂತ ಅವರ ವಾದ. ನನ್ನ ಅನುವಾದ ಓದಿದ್ದರೆ ನನ್ನನ್ನೂ ಬಿಡುತ್ತಿರಲಿಲ್ಲ.

ರಾಜ್ಯೋತ್ಸವದ ದಿನ ವೇದಿಕೆಯಲ್ಲಿ ಹತ್ತು ಡಾಲರ್ ನೋಟು ತೋರಿಸಿ, ಸಾಲದ ನೋಟಿಸಿನ ಕಥೆ ಹೇಳಿ, ಪದ್ಯ ಓದಿದೆ. ಉತ್ತರದ ಸಾಲನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ, ‘ಗೊ... ತಿ... ಲ’ ಅಂತ. ಜನ ಚೆನ್ನಾಗಿ ನಕ್ಕರು. ಊಟಕ್ಕೆ ಸಾಲಿನಲ್ಲಿ ನಿಂತಿದ್ದಾಗ ಹಿರಿಯರೊಬ್ಬರು ಹತ್ತಿರ ಬಂದು, "ಎಲ್ಲಾ ಸರಿ ಕಣಪ್ಪ, ಅವನು ಆ ಸಾಲ ತೀರಿಸಿದನಾ?" ಎಂದು ಕೇಳಿದರು.

"ಪದ್ಯದಲ್ಲಿ ಅದಿಲ್ಲ ಅಜ್ಜಿ" ಎಂದೆ.

"ಮತ್ತೆ ನಾಲ್ಕು ತಿಂಗಳು ಏನು ಮಾಡ್ದೆ?" ಎಂದು ತಟ್ಟೆ ಮುಂದೆ ಚಾಚಿದರು.