ಶಿವಮೊಗ್ಗದಲ್ಲಿ ಚರ್ಚ್ ನಡಿಗೆ: ನಾನು ಮಾಡಿಸುವ ರೀತಿ

ನಮ್ಮೂರಿನ ಚರ್ಚುಗಳನ್ನು ತೋರಿಸುವ ನಡಿಗೆಯನ್ನು ನಾನು ಶುರು ಮಾಡುವುದು ಅರಮನೆಯಿಂದ. ಕೋಟೆ ರಸ್ತೆಯಲ್ಲಿರುವ ಶಿವಪ್ಪ ನಾಯಕನ ಅರಮನೆ. "ಚರ್ಚ್ ನೋಡೋಕೆ ಬಂದ್ರೆ ಇಲ್ಲಿಗೆ ಯಾಕೆ ಮೇಡಂ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಲಿ ಅಂತಲೇ ನಾನೂ ಕಾಯುತ್ತಿರುತ್ತೇನೆ.

ಉತ್ತರ ಇರುವುದು ಮೆಣಸಿನಲ್ಲಿ. ಮಲೆನಾಡಿನ ಕಾಳುಮೆಣಸು ಘಟ್ಟ ಇಳಿದು ಬಂದರು ಸೇರುತ್ತಿತ್ತು. ಅಲ್ಲಿ ಪೋರ್ಚುಗೀಸರು ಕಾಯುತ್ತಿದ್ದರು. 1645ರಿಂದ 1660ರವರೆಗೆ ಆಳಿದ ಕೆಳದಿಯ ಅರಸ ಶಿವಪ್ಪ ನಾಯಕ ಅವರ ಜೊತೆ ಕಾದಾಡಿ ಹೊನ್ನಾವರ, ಬಸ್ರೂರಿನ ಕೋಟೆಗಳನ್ನು ಕಿತ್ತುಕೊಂಡ. ಮುಂದೆ ಕೆಳದಿ ಚೆನ್ನಮ್ಮನ ಕಾಲಕ್ಕೆ ವ್ಯಾಪಾರ ಮತ್ತೆ ಕುದುರಿತು. ಮಿರ್ಜಾನ್, ಚಂದಾವರ, ಕಲ್ಯಾಣಪುರದಂಥ ಕಡೆ ಚರ್ಚ್ ಕಟ್ಟಿಕೊಳ್ಳಲು ಪೋರ್ಚುಗೀಸರಿಗೆ ಒಪ್ಪಿಗೆ ಸಿಕ್ಕಿತು. ಚರ್ಚುಗಳು ಎದ್ದದ್ದು ಕರಾವಳಿಯಲ್ಲಿ, ಒಪ್ಪಿಗೆ ಹೋದದ್ದು ಘಟ್ಟದ ಮೇಲಿನ ರಾಜಧಾನಿ ಬಿದನೂರಿನಿಂದ. ಇವತ್ತಿನ ಹೊಸನಗರ ತಾಲ್ಲೂಕಿನ ನಗರವೇ ಆ ಬಿದನೂರು. ಇಷ್ಟು ಹೇಳಿದ ಮೇಲೆ ಜನ ಅರಮನೆಯ ಮರದ ಕಂಬಗಳನ್ನು ಬೇರೆ ಕಣ್ಣಲ್ಲಿ ನೋಡುತ್ತಾರೆ.

ಗಾಂಧಿ ಬಜಾರಿನಲ್ಲಿ ಹೆಚ್ಚು ಮಾತಾಡಲು ಆಗುವುದಿಲ್ಲ. ಸ್ಕೂಟರ್ ಗಲಾಟೆ. ಬಿ.ಎಚ್. ರಸ್ತೆ ಮುಟ್ಟಿದ ಮೇಲೆ, ಯಾವುದಾದರೂ ಮರದ ನೆರಳಲ್ಲಿ ನಿಲ್ಲಿಸಿ, ಇಲ್ಲಿನ ಕ್ರೈಸ್ತರು ಎಲ್ಲೆಲ್ಲಿಂದ ಬಂದರು ಅಂತ ಹೇಳುತ್ತೇನೆ. ತೋಟದ ಕೆಲಸ, ವ್ಯಾಪಾರ ಅಂತ ಘಟ್ಟ ಹತ್ತಿದ ಕೊಂಕಣಿ ಮನೆಗಳು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದ ಮೇಲೆ ಬಂದ ತಮಿಳು ಕೆಲಸಗಾರರು. ಮೊದಲಿಂದಲೂ ಕನ್ನಡದವರೇ ಆದವರು. ಎಲ್ಲರನ್ನೂ ಒಂದೇ ಗುಂಪು ಅಂದುಕೊಂಡು ಬಂದವರಿಗೆ ಇದೇ ದೊಡ್ಡ ಸುದ್ದಿ. ಮತಾಂತರದ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಅದಕ್ಕೆ ರಸ್ತೆಯಲ್ಲೇ ಉತ್ತರ ಕೊಟ್ಟು ಮುಗಿಸುತ್ತೇನೆ. ಚರ್ಚಿನ ಒಳಗೆ ವಾದ ಬೇಡ.

ಕ್ಯಾಥೊಲಿಕರ ಸೇಕ್ರೆಡ್ ಹಾರ್ಟ್ ಚರ್ಚಿನ ಮುಂದೆ ನಿಂತು ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ: ಇದು ಎಷ್ಟು ಹಳೆಯದು? "ಬ್ರಿಟಿಷರ ಕಾಲದ್ದು" ಅನ್ನುವವರೇ ಜಾಸ್ತಿ. ಈಗಿನ ಕಟ್ಟಡ 1990ರ ದಶಕದ್ದು. ಗೋಪುರ, ಕಮಾನು ನೋಡಿ ಎಲ್ಲರೂ ಮೋಸ ಹೋಗುತ್ತಾರೆ. ಇಷ್ಟು ದೊಡ್ಡದು ಯಾಕೆ ಬೇಕಾಯಿತು ಅನ್ನುವುದಕ್ಕೂ ಕಾರಣವಿದೆ. 1988ರಲ್ಲಿ ಚಿಕ್ಕಮಗಳೂರಿನಿಂದ ಬೇರೆಯಾಗಿ ಶಿವಮೊಗ್ಗ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಆಯಿತು. ದಾವಣಗೆರೆ, ಚಿತ್ರದುರ್ಗವೂ ಇದಕ್ಕೇ ಸೇರಿವೆ. ಹೀಗಾಗಿ ಇದು ಧರ್ಮಾಧ್ಯಕ್ಷರ (ಬಿಷಪ್ಪರ) ಪೀಠವಿರುವ ಪ್ರಧಾನಾಲಯ. ವಿಸ್ತೀರ್ಣ ಸುಮಾರು 18,000 ಚದರ ಅಡಿ. "ಏಷ್ಯಾದಲ್ಲೇ ಎರಡನೆಯದು" ಅನ್ನುವ ಮಾತು ಊರಲ್ಲಿ ಓಡಾಡುತ್ತದೆ, ನಾನು ಅದನ್ನು ಬಳಸುವುದಿಲ್ಲ. ದೊಡ್ಡದು ಅಂತ ಕಣ್ಣಿಗೇ ಕಾಣುತ್ತದಲ್ಲ, ಪೈಪೋಟಿ ಯಾಕೆ?

ಒಳಗೆ ನಾನು ಕಡಿಮೆ ಮಾತಾಡುತ್ತೇನೆ. ಚೂಪು ಕಮಾನು ಎಲ್ಲಿದೆ, ದುಂಡು ಕಮಾನು ಎಲ್ಲಿದೆ ಹುಡುಕಿ ಅನ್ನುತ್ತೇನೆ. ಚೂಪಾದದ್ದು ಗಾಥಿಕ್, ದುಂಡಗಿರುವುದು ರೋಮನ್. ಇಲ್ಲಿ ಎರಡೂ ಬೆರೆತಿವೆ. ಚೂಪು ಕಮಾನು ಭಾರವನ್ನು ಪಕ್ಕಕ್ಕೆ ಕಡಿಮೆ ತಳ್ಳಿ, ಹೆಚ್ಚಾಗಿ ಕೆಳಕ್ಕೆ ಇಳಿಸುತ್ತದೆ. ಅದಕ್ಕೇ ಯುರೋಪಿನವರು ಅಷ್ಟು ಎತ್ತರಕ್ಕೆ ಗೋಡೆ ಎಬ್ಬಿಸಲು ಆದದ್ದು. ಮಕ್ಕಳಿದ್ದರೆ ಯೇಸುವಿನ ಕೊನೆಯ ಪಯಣ ತೋರಿಸುವ ಶಿಲುಬೆ ಹಾದಿಯ 14 ಚಿತ್ರಗಳನ್ನು ಕ್ರಮವಾಗಿ ನೋಡಿಸುತ್ತೇನೆ, ಕಥೆ ತಾನಾಗಿಯೇ ಹೊಳೆಯುತ್ತದೆ. "ಗರ್ಭಗುಡಿ ಯಾವುದು?" ಅಂತ ಹಿರಿಯರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಬಲಿಪೀಠದ ಕಡೆ ಪರಮ ಪ್ರಸಾದ, ಅಂದರೆ ಯೇಸುವಿನ ದೇಹ ಅಂತ ಅವರು ನಂಬುವ ರೊಟ್ಟಿ, ಇಡುವ ಪೆಟ್ಟಿಗೆ ಇರುತ್ತದೆ. ಹತ್ತಿರ ದೀಪ ಉರಿಯುತ್ತಿದ್ದರೆ ಒಳಗೆ ಪರಮ ಪ್ರಸಾದ ಇದೆ ಅಂತ. ಅಲ್ಲಿ ದನಿ ತಗ್ಗಿಸಬೇಕು, ಬೆನ್ನು ಹಾಕಿ ಸೆಲ್ಫಿ ತೆಗೆಯಬಾರದು.

ಇದಾದ ಕೂಡಲೇ ಪ್ರೊಟೆಸ್ಟಂಟರ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿಗೆ ಕರೆದುಕೊಂಡು ಹೋಗುವುದು ನನಗೆ ಇಷ್ಟ. ಎರಡನ್ನೂ ಬೆನ್ನುಬೆನ್ನಿಗೆ ನೋಡಿದರೆ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಸಂತರ ಮೂರ್ತಿಗಳಿಲ್ಲ. ಶಿಲುಬೆ ಇದೆ, ಅದರ ಮೇಲೆ ಯೇಸುವಿನ ದೇಹ ಇಲ್ಲ. ಬೈಬಲ್ ಓದುವ, ಬೋಧನೆ ಮಾಡುವ ಜಾಗಕ್ಕೆ ಹೆಚ್ಚು ಬೆಲೆ. ಹಳೇ ಮೈಸೂರು ಸೀಮೆಯಲ್ಲಿ ಶಾಲೆ, ಅಚ್ಚುಕೂಟ ನಡೆಸಿದ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನ ಸಭೆಗಳೂ 1947ರಲ್ಲಿ ಒಂದಾಗಿ ಸಿ.ಎಸ್.ಐ. ಆದವು ಅಂತಷ್ಟೇ ಸೇರಿಸುತ್ತೇನೆ.

ನೀವೂ ಇಂಥದ್ದು ಮಾಡಿಸುವುದಾದರೆ ಮೊದಲೇ ಹೋಗಿ ಫಾದರ್ ಹತ್ತಿರ, ಸಿ.ಎಸ್.ಐ. ಸಭಾಪಾಲಕರ ಹತ್ತಿರ ಮಾತಾಡಿ. ಫೋನಲ್ಲಿ ಮುಗಿಸಬೇಡಿ. ಮದುವೆ, ಮಣ್ಣು ಯಾವ ದಿನ ಬೇಕಾದರೂ ಬರಬಹುದು, ಆಗ ಸುಮ್ನೆ ಹೊರಗೇ ನಿಂತು ಕಥೆ ಹೇಳಿ. ಹದಿನೈದು ಜನ ಮೀರಿದರೆ ಹಿಂದಿನವರಿಗೆ ಏನೂ ಕೇಳಿಸುವುದಿಲ್ಲ. ಭಾನುವಾರ ಬೇಡ, ಶನಿವಾರ ಬೆಳಗ್ಗೆ ಸರಿ. ನಾನು ಜನರಿಂದ ತೆಗೆದುಕೊಳ್ಳುವ ಶುಲ್ಕದಲ್ಲಿ ಒಂದು ಪಾಲು ಎರಡೂ ಕಡೆಯ ಕಾಣಿಕೆ ಪೆಟ್ಟಿಗೆಗೆ ಹೋಗುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ನಡಿಗೆ ಬಂದ್. ಮಲೆನಾಡಿನ ಮಳೆಗೆ ಛತ್ರಿ ಹಿಡಿದುಕೊಂಡು ಇತಿಹಾಸ ಕೇಳುವವರು ಯಾರು? ಕ್ರಿಸ್‌ಮಸ್ ರಾತ್ರಿ ಕರೆದುಕೊಂಡು ಹೋಗಿ ಅಂತ ಪ್ರತಿ ವರ್ಷ ಕೇಳುತ್ತಾರೆ, ನಾನು ಒಪ್ಪುವುದಿಲ್ಲ. ಅವತ್ತು ಜನ ಪೂಜೆಗೆ ಬಂದಿರುತ್ತಾರೆ. ಡಿಸೆಂಬರ್ 26ರ ನಂತರ ಬನ್ನಿ ಅನ್ನುತ್ತೇನೆ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಗೋದಲಿ, ಇನ್ನೂ ಇರುತ್ತದೆ, ಫಾದರ್‌ಗೂ ಮಾತಾಡಲು ಸ್ವಲ್ಪ ಬಿಡುವಿರುತ್ತದೆ.